ಧೂಳಿಗೊಂದು ಖಾನೆ

"ಬೀಡಿ ಅಂತ ಬರಕೋರಿ ಮೇಡಂ. ಈ ಸೂಳಿಮಕ್ಕಳು ಹೊಟ್ಟಿಗಿ ಇಲ್ಲಂದ್ರೂ ಬೀಡಿ ಬಿಡಲ್ಲ. ಇವನಪ್ಪನೂ ಹಂಗೇ ಸೇದಿ ಸೇದಿ ಸತ್ತ."

ದವಾಖಾನೆಯ ಪಡಸಾಲೆಯಲ್ಲಿ ಪಾಳಿ ಹಚ್ಚಿದ್ದ ನಲವತ್ತು ಮಂದಿಯ ಎದುರು ತನ್ನ ಆಳು ದೇವಿಂದ್ರನತ್ತ ಬೆರಳು ತೋರಿಸಿ, ನೆಲಕ್ಕೆ ಹಾಸುವ ಫರಸಿ ಕಲ್ಲಿನ ಖಣಿಯ ಮಾಲೀಕ ಬಸವಲಿಂಗ ಸಾಹುಕಾರ ಡಾಕ್ಟರ ಮೇಜಿನ ಪಕ್ಕದಲ್ಲಿ ಕಾಲ ಮೇಲೆ ಕಾಲು ಹಾಕಿದ. ಈ ತಪಾಸಣೆಯ ಶಾಮಿಯಾನ, ಕುರ್ಚಿ, ಚಹಾ ಎಲ್ಲ ಅವನವೇ. ಶಹಾಬಾದ ಸುತ್ತಿನ ಬಡವರು ಯಾವ ಯಾವ ಬೇನೆ ಹೊತ್ತು ಸರಕಾರಿ ದವಾಖಾನೆಗೆ ಬರುತ್ತಾರೆಂದು ಸಂಶೋಧನೆ ಮಾಡಲು ಬಂದಿದ್ದ ಡಾಕ್ಟರ್ ಪ್ರಮಿತಾ, ಸಾಹುಕಾರನ ಬಾಯಿ ನೋಡಿಯೇ ಕಾಗದದ ಖಾನೆಗಳಲ್ಲಿ ಗುರುತು ಹಾಕುತ್ತಿದ್ದಳು.

ದೇವಿಂದ್ರ ಹುಟ್ಟಿದಾಗಿನಿಂದ ಬೀಡಿ ಮುಟ್ಟಿದವನಲ್ಲ. ಕಲ್ಲು ಕೊಯ್ಯುವ ಮಿಷನ್ನಿಗೆ ನೀರು ಬಿಟ್ಟರೆ ಧೂಳು ಏಳುವುದಿಲ್ಲ. ಟ್ಯಾಂಕರ್ ನೀರು ದಂಡವೆಂದು ಸಾಹುಕಾರ ಒಣಕಲ್ಲನ್ನೇ ಕೊಯ್ಯಿಸುತ್ತಿದ್ದ. ಆಳುಗಳು ಮೂಗುಬಾಯಿಗೆ ಒದ್ದೆ ದಸ್ತಿಬಟ್ಟೆ ಕಟ್ಟಿಕೊಂಡು ದುಡಿದು, ಸಂಜೆ ಒಂದು ಚೂರು ಬೆಲ್ಲ ತಿಂದು, ಎದೆಯ ಧೂಳು ಹೊಟ್ಟೆಗಿಳಿಯಿತೆಂದು ನಂಬುತ್ತಿದ್ದರು. ಅವನಪ್ಪ ಇಪ್ಪತ್ತು ವರ್ಷ ಬೆಲ್ಲ ತಿಂದ. ಕಫದಲ್ಲಿ ರಕ್ತ ಬಂದ ದಿನ ಇದೇ ದವಾಖಾನೆಯ ಚೀಟಿಯ ಮೇಲೆ ಬಿದ್ದದ್ದು ಬೀಡಿ ಎಂಬ ಎರಡಕ್ಷರ. ಆ ಎರಡಕ್ಷರ ತೋರಿಸಿಯೇ ಸಾಹುಕಾರ ಪರಿಹಾರ ಕೊಡದೆ ಕೈತೊಳೆದುಕೊಂಡ. ಈಗ ಅದೇ ಕೆಮ್ಮು ಮಗನ ಎದೆ ಹೊಕ್ಕಿತ್ತು. ತನ್ನ ಹೆಸರಿನ ಮುಂದೆ ಧೂಳು ಎಂದು ಬರೆಸಿಯೇ ಹೋಗಬೇಕೆಂದು ಅವನು ಖಣಿಯಿಂದ ನೇರ ಬಂದಿದ್ದ.

ಬೀಡಿಯಲ್ಲ, ಕಲ್ಲಿನ ಧೂಳು ಎಂದು ಹೇಳಿ ನೋಡಿದ. ಬೀಡಿ, ಸಾರಾಯಿ, ತಂಬಾಕಿಗೆ ಖಾನೆ ಇವೆ, ಧೂಳಿಗೆ ಖಾನೆಯೇ ಇಲ್ಲವಲ್ಲ ಎಂದಳು ಪ್ರಮಿತಾ, ತಲೆ ಎತ್ತದೆ. ಹಿಂದೆ ನಿಂತು ಕೆಮ್ಮುತ್ತಿದ್ದ ಸರ್ವರಬೇಗಂ ಕೇಳಿದಳು:

"ನಾ ಕಲ್ಲ ಹೊರೋ ಹೆಣ್ಮಗಳು. ನಂಗೂ ಬೀಡೀನೇ ಬರಸ್ತೀರೇನ್ರಿ ಸಾಹುಕಾರ್?"

"ಒಲಿ ಮುಂದ ಕುಂತು ನೀನೂ ಕದ್ದು ಸೇದತಿರ್ಬೇಕು, ಮುದುಕಿ," ಎಂದು ಸಾಹುಕಾರ ಬಾಯಿ ತೆರೆದು ನಕ್ಕ.

ದೇವಿಂದ್ರ ಹೆಗಲ ಮೇಲಿನ ದಸ್ತಿ ತೆಗೆದ. ಮುಂಜಾನೆಯ ಕೆಲಸದ ಹಸಿ ಆರಿ, ಕಲ್ಲಿನ ಹಿಟ್ಟು ಕುಡಿದು ಅದು ಹಪ್ಪಳದಂತೆ ಸೆಟೆದಿತ್ತು. ಮೇಜಿನ ಮೇಲೆ ಚಾಚಿ ಹಿಡಿದು ಝಾಡಿಸಿದ. ಇನ್ನೊಮ್ಮೆ ಝಾಡಿಸಿದ. ಚಹಾದ ಮೇಲೆ, ಕಾಗದಗಳ ಮೇಲೆ, ಸಾಹುಕಾರನ ನಗೆಯೊಳಗೆ ಬಿಳಿ ಧೂಳು ಇಳಿಯಿತು. ಸಾಹುಕಾರ ಎದ್ದು, ಬಗ್ಗಿ, ಕಣ್ಣುಮೂಗು ಸುರಿಸುತ್ತಾ ಕೆಮ್ಮತೊಡಗಿದ.

"ಈಗ ಬರಕೋರಿ ಮೇಡಂ. ಸಾಹುಕಾರ್ರಿಗಿ ಕೆಮ್ಮ ಅದ. ದಿನಕ್ಕ ಎಷ್ಟ್ ಬೀಡಿ ಅಂತ ಕೇಳ್ರಿ."

ಪ್ರಮಿತಾ ಕಾಗದದ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದಳು.

"ನಾಳಿ ಖಣಿಗಿ ಹೆಂಗ ಕಾಲಿಡ್ತಿ ನೋಡ್ತೀನಿ, ಭಾಡಕಾವ್," ಸಾಹುಕಾರ ಉಸಿರು ಸಿಕ್ಕಷ್ಟರಲ್ಲೇ ಒದರಿದ. "ಯಾರ್ ಹಾಕ್ತಾರ ನಿನಗ ಕೂಳು? ಹೇಳ್ ಮಗನೇ, ಯಾರ್ ಹಾಕ್ತಾರ?"

ಪಾಳಿ ಒಂದು ಹೆಜ್ಜೆ ಮುಂದೆ ಸರಿಯಿತು. ಸರ್ವರಬೇಗಂ ತಲೆಗೆ ಸುತ್ತಿದ್ದ, ಕಲ್ಲಿನ ಹಿಟ್ಟು ಮೆತ್ತಿದ ಬಟ್ಟೆ ಬಿಚ್ಚುತ್ತಾ ಮೇಜಿನ ಹತ್ತಿರ ಬಂದಳು. ದೇವಿಂದ್ರ ದಸ್ತಿ ಹೆಗಲಿಗೆ ಹಾಕಿಕೊಂಡು, ಚೀಟಿಗೆ ಕಾಯದೆ, ಕೆಮ್ಮುತ್ತಾ ಮೆಟ್ಟಿಲಿಳಿದು ಹೊರಟ.