ಬಿಳಿಯಾಗಿಯೇ ಉಳಿದ ಹತ್ತಿ

ಗಂಡನನ್ನು ಮಣ್ಣಿಗಿಟ್ಟ ಮಾರನೆಯ ಬೆಳಿಗ್ಗೆ ಕಸ್ಮಿರಾ ಅಕ್ಕಿ ತೊಳೆಯುತ್ತಿದ್ದಾಗ ಹಿಂದಿನ ಜಗಲಿಯಲ್ಲಿ ಏನೋ ಸಣ್ಣದೊಂದು ಬಿದ್ದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಬಿತ್ತು. ಮೂರನೆಯ ಸಲ ಬಿದ್ದಾಗ ಆಕೆ ಸೆರಗಿಗೆ ಕೈ ಒರೆಸಿಕೊಂಡು ಹೋಗಿ ನೋಡಿದಳು.

ಮಗ ಜುನೈದಿ ಚಾಪೆಯ ಮೇಲೆ ಕುಳಿತಿದ್ದ. ಮುಂದೆ ಅವನ ವೇಪ್, ಆ ಬ್ಯಾಟರಿ ಸಿಗರೇಟು, ಬಿಚ್ಚಿಕೊಂಡು ಬಿದ್ದಿತ್ತು. ಪಕ್ಕದಲ್ಲಿ ಚಿಕ್ಕ ಸ್ಕ್ರೂಡ್ರೈವರು, ತೆಳ್ಳನೆಯ ತಂತಿಯ ಉಂಡೆ, ಒಂದು ಚಿಟಿಕೆ ಹತ್ತಿ. ಇಕ್ಕಳವೊಂದು ಅವನ ಬೆರಳಿಂದ ಜಾರಿ ಜಾರಿ ನೆಲಕ್ಕೆ ಬೀಳುತ್ತಿತ್ತು.

"ಕೈ ಯಾಕೋ ಹಂಗೆ ನಡುಗ್ತಿದೆ?"

"ನಿದ್ದೆ ಇಲ್ವಲ್ಲಮ್ಮ. ಅದಕ್ಕೇ."

ನಿದ್ದೆಯ ವಿಷಯವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಗುಂಡಿಗೆ ಇಳಿದು, ಮೇಲಿಂದ ಕೊಟ್ಟ ಅಪ್ಪನನ್ನು ತೋಳಲ್ಲಿ ತೆಗೆದುಕೊಂಡು, ಕೆನ್ನೆಯನ್ನು ಮಣ್ಣಿಗೆ ತಾಗಿಸಿ ಮಲಗಿಸಿದವನು ಇವನೇ. ಮೇಲೆ ಹತ್ತಿ ಬಂದಾಗಿನಿಂದ ಆ ಬೆರಳುಗಳು ಒಂದು ಕಡೆ ನಿಂತಿರಲಿಲ್ಲ. ಗೇಟು, ಕಿಟಕಿಯ ಸರಳುಗಳನ್ನು ಬೆಸೆಯುವ ಕೈ ಅದು.

ಮೂರು ವರ್ಷದ ಕೆಳಗೆ ಜುನೈದಿ ಕೆಮ್ಮಿದಾಗ ಕರ್ಚೀಫಿನಲ್ಲಿ ರಕ್ತ ಕಂಡಿತ್ತು. ಆಸ್ಪತ್ರೆಯ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಇನ್ನು ಸಿಗರೇಟು ಮುಟ್ಟಿದರೆ ನನ್ನ ಹತ್ತಿರ ಬರಬೇಡ ಎಂದಿದ್ದರು. ಅವನು ಕ್ರೆತೆಕ್ ಎನ್ನುವ ಲವಂಗದ ಸಿಗರೇಟು ಬಿಟ್ಟ. ಬಿಟ್ಟು ಈ ವೇಪ್ ಹಿಡಿದ. ಅಂಗಡಿಯ ಸಿದ್ಧ ತಂತಿಸುರುಳಿ ಬೇಗ ಸುಟ್ಟುಹೋಗುತ್ತದೆಂದು ತಾನೇ ತಂತಿ ಸುತ್ತಿ, ಹತ್ತಿಯ ಬತ್ತಿ ಹಾಕಿಕೊಳ್ಳುವುದನ್ನು ಕಲಿತ. ಇದೂ ತಾಯಿಹಾಲಲ್ಲ ಎಂದು ಡಾಕ್ಟರು ಗೊಣಗಿದ್ದುಂಟು. ಕಸ್ಮಿರಾಗೂ ಅದರ ಮೇಲೆ ಅಂಥ ನಂಬಿಕೆಯೇನೂ ಇರಲಿಲ್ಲ. ಆದರೆ ಬೆಳಗಿನ ಜಾವ ಗೋಡೆಯಾಚೆ ಕೇಳುತ್ತಿದ್ದ ಆ ಕೆಮ್ಮು ನಿಂತಿತ್ತು. ತಾಯಿಗೆ ಅಷ್ಟು ಸಾಕು.

ಅವನ ಅಪ್ಪ ಕಾರ್ಮಾನ್ ಕ್ರೆತೆಕ್ ಬಿಡಲೇ ಇಲ್ಲ. ಮೂಗಿಗೆ ಆಮ್ಲಜನಕದ ಕೊಳವೆ ಹಾಕಿದ್ದಾಗಲೂ ಎರಡು ಬೆರಳೆತ್ತಿ ತುಟಿಯ ಹತ್ತಿರ ಹಿಡಿದು ತೋರಿಸುತ್ತಿದ್ದ.

"ಕೊಡಿಲ್ಲಿ," ಎಂದು ಕಸ್ಮಿರಾ ಚಾಪೆಯ ಮೇಲೆ ಕುಳಿತಳು. "ತಂತಿ ನೀನು ಸುತ್ತು. ಹತ್ತಿ ನನಗೆ ಬಿಡು."

"ನಿಂಗೆ ಗೊತ್ತಾಗಲ್ಲಮ್ಮ. ಜಾಸ್ತಿ ಬಿಗಿ ಆದ್ರೆ ರಸ ಹೀರಲ್ಲ, ಸುಡುತ್ತೆ. ಸಡಿಲ ಆದ್ರೆ ಬಾಯಿಗೇ ಬರುತ್ತೆ."

"ನನಗೆ ಹೇಳ್ಕೊಡ್ತೀಯಾ ನೀನು?"

ಅವನು ನಕ್ಕುಬಿಟ್ಟ. ಅಪ್ಪ ಹೋದಮೇಲೆ ಮೊದಲ ನಗು. ಕುದುಸ್ ಊರಿನ ಅರ್ಧ ಹೆಂಗಸರ ಹಾಗೆ ಅವಳೂ ಕ್ರೆತೆಕ್ ಕಾರ್ಖಾನೆಯಲ್ಲೇ ಮುದುಕಿಯಾದವಳು. ಅಲ್ಲಿ ಇಬ್ಬಿಬ್ಬರದು ಜೋಡಿ. ಒಬ್ಬಳು ಹೊಗೆಸೊಪ್ಪು, ಲವಂಗ ಸೇರಿಸಿ ಸುತ್ತಿ ಕೊಡಬೇಕು. ಎದುರಿಗೆ ಕುಳಿತವಳು ಎರಡೂ ತುದಿಯಲ್ಲಿ ಹೊರಚಾಚಿದ್ದನ್ನು ಕತ್ತರಿಸಬೇಕು. ಕಸ್ಮಿರಾ ಕತ್ತರಿಯವಳು. ಮದುವೆಯಾಗಿ ಬಂದ ವರ್ಷ ಹಿಡಿದ ಕತ್ತರಿಯನ್ನು ಕಣ್ಣು ಮಂಜಾಗುವವರೆಗೂ ಬಿಟ್ಟಿರಲಿಲ್ಲ.

ಹಳೆಯ ಬತ್ತಿಯನ್ನು ಇಕ್ಕಳದಿಂದ ಎಳೆದಳು. ಕಾಫಿಯ ಗಷ್ಟಿನಂತೆ ಕಂದಾಗಿತ್ತು. ಜುನೈದಿ ಸ್ಕ್ರೂಡ್ರೈವರಿನ ಕಾಂಡಕ್ಕೆ ತಂತಿ ಸುತ್ತಿ, ಸುರುಳಿಯನ್ನು ಜಾರಿಸಿ, ಅದರ ಎರಡು ಕಾಲುಗಳನ್ನು ತೂತಿಗಿಟ್ಟ. ಸ್ಕ್ರೂ ಬಿಗಿಯುವಾಗ ತಾಯಿ ಅವನ ಮಣಿಕಟ್ಟು ಹಿಡಿದುಕೊಂಡಳು. ವೇಪಿನ ಗುಂಡಿ ಒತ್ತಿದಾಗ ಸುರುಳಿ ನಡುವಿನಿಂದ ಕೆಂಪಾಗುತ್ತ ಎರಡೂ ಕಡೆಗೆ ಹಬ್ಬಿತು. ಆರಿದ ಮೇಲೆ ಕಸ್ಮಿರಾ ಹತ್ತಿಯ ತುದಿಯನ್ನು ಬೆರಳಲ್ಲಿ ಹೊಸೆದು ಸುರುಳಿಯೊಳಗೆ ತೂರಿಸಿ, ಅತ್ತಿಂದಿತ್ತ ಎಳೆದು ನೋಡಿದಳು. ತುಸು ತಡೆಯಬೇಕು, ತಂತಿ ಬಾಗಬಾರದು. ಆಮೇಲೆ ಎರಡು ಸಲ ಕತ್ತರಿ ಆಡಿಸಿ ತುದಿಗಳನ್ನು ಕೆಳಗೆ ಮಡಿಚಿಟ್ಟಳು. ಅವನು ಸೀಸೆಯಿಂದ ಹನಿ ಹನಿಯಾಗಿ ಲಿಕ್ವಿಡ್ ಬಿಟ್ಟು, ಒಂದು ದಮ್ ಎಳೆದು, ತಲೆಯಾಡಿಸಿದ.

"ಅಮ್ಮಾ, ನಮ್ಮ ಗೆಳೆಯರೆಲ್ಲ ಇನ್ನು ನಿನ್ನ ಹತ್ರಾನೇ ಬರ್ತಾರೆ ನೋಡು."

"ಬರಲಿ. ನೀರು ಸೇದಿ ಕೊಟ್ಟೋರಿಗೆ ಹಾಕ್ಕೊಡ್ತೀನಿ."

ಆ ಸಂಜೆಯಿಂದ ಏಳು ಸಂಜೆ ಮನೆಯಲ್ಲಿ ಪ್ರಾರ್ಥನೆ. ಊರ ಗಂಡಸರು ಬಂದು ಚಾಪೆಯ ಮೇಲೆ ಸಾಲಾಗಿ ಕೂರುತ್ತಾರೆ. ಅವರಿಗೆ ಸಿಹಿ ಚಹಾ, ಅಪೆಮ್ ಎನ್ನುವ ಅಕ್ಕಿರೊಟ್ಟಿ, ಬೇಯಿಸಿದ ಶೇಂಗಾ ಕೊಡಬೇಕು. ಜೊತೆಗೆ ಗಾಜಿನ ಲೋಟಗಳಲ್ಲಿ ಕ್ರೆತೆಕ್ ನಿಲ್ಲಿಸಿ ನಡುನಡುವೆ ಇಡಬೇಕು. ಸತ್ತವನ ಹಿರಿಮಗ ಆ ಲೋಟಗಳ ಮುಂದೆಯೇ ಕೂರಬೇಕು.

ಕಸ್ಮಿರಾ ಮೈದುನ ರುಕಾನ್‌ನನ್ನು ಬಾಗಿಲಲ್ಲೇ ತಡೆದು ಕೇಳಿದಳು. "ಲೋಟ ಇಡೋದು ಬೇಡ ಕಣಯ್ಯ. ಹುಡುಗನ ಎದೆ ನಿನಗೂ ಗೊತ್ತಲ್ಲ."

"ಅತ್ತಿಗೆ, ಅಣ್ಣ ಉಸಿರಾಡಿದ್ದಕ್ಕಿಂತ ಸೇದಿದ್ದೇ ಜಾಸ್ತಿ. ಅವನ ಹೆಸರಲ್ಲಿ ಜನರನ್ನ ಒಣ ಬಾಯಲ್ಲಿ ಕಳಿಸ್ತೀಯಾ? ನಾಳೆ ಸಂತೇಲಿ ನನ್ನ ಮುಖಕ್ಕೆ ಉಗೀತಾರೆ."

"ಅವನ ಮುಂದಾದ್ರೂ ಇಡಬೇಡ."

"ಅವನಿಗೇನು ಕಷ್ಟ? ಬಾಯಿಗೆ ಚಾರ್ಜರ್ ಸಿಕ್ಕಿಸ್ಕೊಂಡಿದ್ದಾನಲ್ಲ. ಮೊನ್ನೆ ಪಕ್ಕ ಕೂತಿದ್ದೆ, ಸ್ಟ್ರಾಬೆರಿ ಜಾಮ್ ಸುಟ್ಟ ವಾಸನೆ. ಅಣ್ಣ ಎದ್ದು ಬಂದಿದ್ರೆ, ಮನೇಲಿ ಯಾರದಾದ್ರೂ ಹುಟ್ಟುಹಬ್ಬವಾ ಅಂತ ಕೇಳ್ತಿದ್ದ."

ರುಕಾನ್ ಕೆಟ್ಟವನಲ್ಲ. ಅಣ್ಣನ ಕೊನೆಯ ತಿಂಗಳಲ್ಲಿ ದಿನ ಬಿಟ್ಟು ದಿನ ಬಂದು ಬೆನ್ನು ತೊಳೆದವನು ಅವನೇ. ಕಸ್ಮಿರಾ ಲೋಟಗಳನ್ನು ತೊಳೆದು ಒರೆಸಿ ಕೊಟ್ಟಳು.

ಹಾಗಾಗಿ ಬೆಳಗಿನ ಬತ್ತಿಯೇ ಅವಳ ಕೈಯಲ್ಲಿ ಉಳಿದ ಒಂದೇ ಕಾವಲಾಯಿತು. ಅದು ಸುಟ್ಟು ಗಂಟಲಿಗೆ ಕಹಿಯಾದರೆ ಮಗ ಪಕ್ಕದ ಲೋಟಕ್ಕೆ ಕೈ ಹಾಕುತ್ತಾನೆ. ಕಹಿಯಾಗಲು ಬಿಡಬಾರದು. ದಿನವೂ ಅನ್ನಕ್ಕಿಟ್ಟು ಬಂದು ಜಗಲಿಯಲ್ಲಿ ಕೂರುವಳು. ಅವನೂ ಕೆಲಸಕ್ಕೆ ಹೋಗುವ ಮುಂಚೆ ಬಂದು ಕೂರುವನು. ಅವನು ಸುತ್ತುವನು, ಅವಳು ಕತ್ತರಿಸುವಳು. ಹತ್ತಿ ಮಡಿಚುವಷ್ಟು ಹೊತ್ತು ಕಾರ್ಮಾನನ ಖಾಲಿ ಮಂಚ ಅವಳ ಕಣ್ಣ ಮುಂದೆ ಬರುತ್ತಿರಲಿಲ್ಲ.

ಎರಡನೆಯ ಬೆಳಿಗ್ಗೆ ಎಳೆದ ಹತ್ತಿ ತಿಳಿ ಚಹಾದ ಬಣ್ಣಕ್ಕಿತ್ತು.

"ಇದೇನೋ, ಬಣ್ಣ ಇಷ್ಟು ತೆಳುವಾಗಿದೆ?"

"ನಿನ್ನೆ ಜಾಸ್ತಿ ಎಳೀಲಿಲ್ಲಮ್ಮ."

ಅದರ ಮಾರನೆಯ ದಿನ ಇನ್ನೂ ತಿಳಿಯಾಯಿತು. ಆಮೇಲೆ ಒಂದು ಬೆಳಿಗ್ಗೆ ಹತ್ತಿ ಅವಳು ಹಾಕಿದಷ್ಟೇ ಬಿಳಿಯಾಗಿ ಹೊರಗೆ ಬಂತು. ಲಿಕ್ವಿಡ್‌ನಲ್ಲಿ ನೆನೆದಿತ್ತು, ಅಷ್ಟೇ. ತಂತಿ ಮುಟ್ಟಿದ ಜಾಗದಲ್ಲೂ ಕಲೆಯಿರಲಿಲ್ಲ.

ಕಸ್ಮಿರಾ ಅದನ್ನು ಅಂಗೈಯಲ್ಲಿ ಹಿಡಿದು ನೋಡಿದಳು. ಎದೆಯೊಳಗೆ ಏನೋ ಹಗುರವಾಯಿತು. ಬಾಯಿಬಿಟ್ಟು ಹೇಳಿದರೆ ಎಲ್ಲಿ ದೃಷ್ಟಿಯಾಗುತ್ತದೋ ಎಂದು ಮಗನಿಗೇನೂ ಹೇಳದೆ ಹೊಸ ಬತ್ತಿ ಹಾಕಿ ಕಳಿಸಿದಳು. ಮರುದಿನವೂ ಬಿಳಿಯೇ ಬಂತು. ಆಗ ತಡೆಯಲಾಗಲಿಲ್ಲ. ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದ ಸೊಸೆ ಇಸ್ತಿಕಾಳ ಪಕ್ಕ ಕುಳಿತು ಮೆಲ್ಲಗೆ ಹೇಳಿದಳು.

"ಏ ಹುಡುಗೀ, ಅವನು ಅದನ್ನೂ ಬಿಡ್ತಿದ್ದಾನೆ ಕಣೆ. ಅಪ್ಪ ಹೋಗಿದ್ದು ಮನಸ್ಸಿಗೆ ನಾಟಿದೆ. ಎರಡು ದಿನದಿಂದ ಒಂದು ದಮ್ಮೂ ಎಳೆದಿಲ್ಲ. ಹತ್ತಿ ಹೇಳುತ್ತೆ."

ಇಸ್ತಿಕಾಳ ಕೈ ನಿಂತಿತು. ತುರಿಯನ್ನು ಸುಮ್ಮನೆ ಒಟ್ಟು ಮಾಡಿದಳು, ಮತ್ತೆ ಹರಡಿದಳು.

"ಯಾಕೆ, ನಿನಗೆ ಖುಷಿಯಿಲ್ವಾ?"

"ಅವರ ಅಂಗಿ ಒಗೆಯೋಳು ನಾನು, ಅತ್ತೆ."

ಕಸ್ಮಿರಾಗೆ ತಕ್ಷಣ ಹೊಳೆಯಲಿಲ್ಲ.

"ಜೇಬಿನ ತುಂಬ ಲವಂಗದ ವಾಸನೆ," ಎಂದಳು ಇಸ್ತಿಕಾ. "ಒಂದು ಕಡೆ ಸುಟ್ಟ ತೂತೂ ಇದೆ. ನಿಮಗೆ ಹೇಳಬಾರದು ಅಂತಿದ್ದೆ. ನೀವು ಬೆಳಿಗ್ಗೆ ಎದ್ದು ಅಲ್ಲಿ ಕೂರೋದು ನೋಡಿದ್ರೆ ನನ್ನ ಬಾಯೇ ಬರ್ತಿರಲಿಲ್ಲ."

ಒಲೆಯ ಮೇಲೆ ಅನ್ನ ಉಕ್ಕಿತು. ಇಸ್ತಿಕಾ ಎದ್ದು ಮುಚ್ಚಳ ಸರಿಸಿದಳು.

ಪ್ರಾರ್ಥನೆಯ ಕೊನೆಯ ಸಂಜೆಯ ದಿನ ಜುನೈದಿ ಕೆಲಸಕ್ಕೆ ಹೋಗಿರಲಿಲ್ಲ. ಸಂಜೆ ಹಂಚುವ ಊಟಕ್ಕೆ ಮಧ್ಯಾಹ್ನ ಬಾಳೆ ಎಲೆ ಒರೆಸುತ್ತ ಬಾವಿಕಟ್ಟೆಯ ಹತ್ತಿರ ಕುಳಿತಿದ್ದ. ಕಸ್ಮಿರಾ ಅವನ ಪಕ್ಕ ಕುಳಿತು ತಾನೂ ಒಂದು ಎಲೆ ತೆಗೆದುಕೊಂಡಳು.

"ಹತ್ತಿ ಬಿಳಿ ಬರ್ತಿದೆ," ಎಂದಳು.

ಅವನು ಎಲೆ ಒರೆಸುತ್ತಲೇ ಇದ್ದ.

"ಯಾವಾಗಿಂದಪ್ಪ?"

"ಅಪ್ಪನ್ನ ಮಲಗಿಸಿ ಮೇಲೆ ಬಂದೆ ನೋಡು, ಆಗ," ಎಂದ. "ಹಲ್ಲು ಕಟಕಟ ಅಂತಿತ್ತು. ಚಿಕ್ಕಪ್ಪ ಒಂದು ಹಚ್ಚಿ ತಾನೇ ಬಾಯಿಗಿಟ್ಟ. ಬೇಡ ಅನ್ನೋಕೆ ಆಗಲಿಲ್ಲ. ಸೇದಿದ ತಕ್ಷಣ ಕೈ ನಿಂತುಬಿಡ್ತು ಅಮ್ಮ. ಆರಿದ ಮೇಲೆ ಮತ್ತೆ ಶುರು."

"ಮತ್ತೆ ಮಾರನೇ ಬೆಳಿಗ್ಗೆ ತಂತಿ ಇಟ್ಕೊಂಡು ಕೂತಿದ್ದೆಯಲ್ಲ?"

"ಅವತ್ತು ನಿಜವಾಗ್ಲೂ ಬೇಡ ಅಂತಲೇ ಕೂತಿದ್ದೆ."

"ಆಮೇಲೆ?"

"ಆಮೇಲೆ ಆಗಲಿಲ್ಲ. ಸಂಜೆ ಆ ಲೋಟ ಎದುರಿಗಿರುತ್ತೆ. ಎಲ್ಲರೂ ಅಪ್ಪನ ಮಾತಾಡ್ತಾರೆ. ಎಲ್ಲರ ಮೈಯಲ್ಲೂ ಅಪ್ಪನ ವಾಸನೆ."

"ಹಾಗಾದ್ರೆ ದಿನಾ ಬೆಳಿಗ್ಗೆ ಯಾಕಪ್ಪ ಬಂದು ಕೂರ್ತಿದ್ದೆ? ನಂಗೆ ಮೋಸ ಮಾಡೋಕಾ?"

ಅವನು ಮುಖವೆತ್ತಿ ನೋಡಿದ. ನಲವತ್ತು ತುಂಬುತ್ತ ಬಂದ ಮುಖ. ಕಣ್ಣ ಕೆಳಗೆ ಅಪ್ಪನದೇ ಚೀಲಗಳು.

"ಅಷ್ಟು ಹೊತ್ತಾದ್ರೂ ನೀನು ಮಂಚ ನೋಡ್ತಾ ಕೂರ್ತಿರಲಿಲ್ಲ," ಎಂದ. "ಅದಕ್ಕೆ."

ಕಸ್ಮಿರಾಳ ಕೈಯ ಎಲೆ ನಡುವೆ ಸೀಳಿತು. ಅದನ್ನು ಕೆಳಗಿಟ್ಟು ಇನ್ನೊಂದು ತೆಗೆದುಕೊಂಡಳು. ತಾನು ಮಗನನ್ನು ಕಾಯುತ್ತಿದ್ದೇನೆಂದುಕೊಂಡ ಅಷ್ಟೂ ಬೆಳಿಗ್ಗೆ ಮಗ ತನ್ನನ್ನು ಕಾಯುತ್ತಿದ್ದ. ನಡುವೆ ಅವನ ಎದೆಗೆ ಕಾವಲೇ ಇರಲಿಲ್ಲ.

ಸಂಜೆ ಜನ ತುಂಬಿದರು. ಹೆಂಗಸರು ಪರದೆಯ ಹಿಂದೆ ಊಟದ ಪೊಟ್ಟಣ ಕಟ್ಟುತ್ತಿದ್ದರು. ರುಕಾನ್ ಲೋಟಗಳನ್ನು ಸಾಲಾಗಿಟ್ಟುಕೊಂಡು ಬಂದ. ಇವತ್ತು ಜುನೈದಿ ಅತ್ತಿತ್ತ ನೋಡಲಿಲ್ಲ. ಇನ್ನು ಬಚ್ಚಿಡುವುದೇನೂ ಉಳಿದಿರಲಿಲ್ಲ. ಮುಂದಿದ್ದ ಲೋಟದಿಂದ ಒಂದು ತೆಗೆದ. ರುಕಾನ್ ಕಡ್ಡಿ ಗೀರಿ ಹಿಡಿದ.

"ಈಗ ಅಣ್ಣನ ಮಗ," ಎಂದು ಅವನು ಹೇಳಿದ್ದು ಪರದೆಯ ಈಚೆಗೂ ಕೇಳಿಸಿತು. ಯಾರೋ ನಕ್ಕರು.

ಉರಿಯುವ ಲವಂಗ ಚಟಪಟ ಎನ್ನುವ ಸದ್ದು ಎಲ್ಲ ಕಡೆಯಿಂದ ಬರುತ್ತಿತ್ತು. ಅದರಲ್ಲಿ ಮಗನದು ಯಾವುದೆಂದು ಕಸ್ಮಿರಾಗೆ ಗೊತ್ತಾಗಲಿಲ್ಲ. ಪ್ರಾರ್ಥನೆ ಶುರುವಾಯಿತು. ಗಂಡಸರ ದನಿ ಏರಿತು, ಇಳಿಯಿತು. ಆಮೀನ್ ಎನ್ನುವ ಕಡೆ ಎಲ್ಲರೂ ಒಂದು ಗಳಿಗೆ ಉಸಿರು ತೆಗೆದುಕೊಂಡಾಗ ಒಂದು ಕೆಮ್ಮು ಎದ್ದಿತು. ಸಣ್ಣದು, ಗಂಟಲಲ್ಲೇ ಅದುಮಿದ್ದು. ಕೂಸಾಗಿದ್ದಾಗ ರಾತ್ರಿಯೆಲ್ಲ ಎದೆಗೊತ್ತಿಕೊಂಡು ಕೇಳಿದ ಕೆಮ್ಮು ಅದು. ಅದು ಯಾರದೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಇಸ್ತಿಕಾ ಕೈಯಲ್ಲಿ ಸೌಟು ಹಿಡಿದು ಅತ್ತೆಯ ಮುಖ ನೋಡಿದಳು. ಕಸ್ಮಿರಾ ಪೊಟ್ಟಣಕ್ಕೆ ದಾರ ಸುತ್ತಿ ಗಂಟು ಹಾಕಿದಳು.

ಜನ ಚದುರಿದ ಮೇಲೆ ತಾಯಿ ಮಗ ಚಾಪೆ ಸುತ್ತಿಟ್ಟರು. ಬೂದಿ ತುಂಬಿದ ಬಸಿಗಳನ್ನು ಅವನೇ ಹೊರಗೆ ಚೆಲ್ಲಿ ಬಂದ.

"ಬೆಳಿಗ್ಗೆ ತಂತಿ ತಗೊಂಡು ಬಾ," ಎಂದಳು ಕಸ್ಮಿರಾ.

"ಯಾಕಮ್ಮ ಸುಮ್ನೆ? ಗೊತ್ತಾಯ್ತಲ್ಲ ನಿಂಗೆ."

"ಗೊತ್ತಾಯ್ತು. ಬಾ ಆದ್ರೂ. ಬಿಳಿ ಬಂದ್ರೆ ಅದನ್ನ ತೆಗೀತೀನಿ, ಬೇರೆ ಹಾಕ್ತೀನಿ. ನೀನು ಮತ್ತೆ ಇದನ್ನೇ ಎಳೆದು ಹತ್ತಿ ಕಂದಾಗೋವರೆಗೂ ಹಾಕ್ತೀನಿ."

ಅವನು ಮುಖವನ್ನು ತೋಳಿಗೆ ಒತ್ತಿಕೊಂಡು ಮತ್ತೆ ಕೆಮ್ಮಿದ. ಈ ಸಲ ಅದುಮಲಿಲ್ಲ. ಕಸ್ಮಿರಾ ಅವನ ಬೆನ್ನ ಮೇಲೆ ಕೈಯಿಟ್ಟು, ಕೆಮ್ಮು ನಿಲ್ಲುವವರೆಗೆ ಹಾಗೇ ನಿಂತಿದ್ದಳು.