ಹೊಟ್ಟೆಯೊಳಗಿನ ದಾಸೋಹ

ತಿಂದ ತುಪ್ಪ ಮೈಗೆ ಹತ್ತುವುದರಲ್ಲಿ ಕರುಳಿನ ಬ್ಯಾಕ್ಟೀರಿಯಾಗಳ ಕೈವಾಡವೂ ಇದೆ ಎಂದು ಬೀದರಿನ ಡಾಕ್ಟರು ಹೇಳಿದ್ದೇ ತಪ್ಪಾಯಿತು. ಭಾಲ್ಕಿಯ ಮನೆಗೆ ಮರಳಿದ ಶಿವರಾಜಪ್ಪ ಹೋಳಿಗೆಯ ಮೇಲೆ ತುಪ್ಪ ಸುರಿದುಕೊಂಡೇ ತಿಂದ.

“ಇದು ನನಗಲ್ಲ. ಹೊಟ್ಟ್ಯಾಗ ಕೋಟಿಗಟ್ಟಲೆ ಮಂದಿ ಅದಾರ. ಅವರಿಗೆ ದಾಸೋಹ ಮಾಡ್ಲತ್ತೇನಿ,” ಎಂದು ಹೆಂಡತಿಗೆ ಹೇಳಿ ಎರಡನೆಯದಕ್ಕೆ ಕೈಚಾಚಿದ.

ಸುಮಿತ್ರಾಬಾಯಿ ಅವನ ಹೊಟ್ಟೆಗೆ ಭಕ್ತಿಯಿಂದ ಕೈಮುಗಿದು ತಾಟು ಎತ್ತಿಟ್ಟಳು.

“ಯಾಕ?”

“ದಾಸೋಹದಾಗ ಬಂದವರು ಉಂಡು ಎದ್ದಮ್ಯಾಲೇ ಮನಿಯವರು ಉಣ್ಣಬೇಕ್ರಿ. ಅವರು ಕೈ ತೊಳಕೊಳ್ಳಲಿ, ಆಮ್ಯಾಲ ನಿಮಗ ಬಡಸ್ತೇನಿ.”

ಸಂಜೆಯಾದರೂ ಶಿವರಾಜಪ್ಪ ತಂಬಿಗೆ ನೀರನ್ನು ಹೊಟ್ಟೆಯ ಮುಂದೆ ಹಿಡಿದುಕೊಂಡು, “ಸಾಕು, ಏಳ್ರಿ ಇನ್ನ!” ಎಂದು ಬೇಡುತ್ತಲೇ ಇದ್ದ.