ವೆಲ್ವೆಟ್ಟಿನ ದಿಕ್ಕು

"ಇವತ್ತು ನಾಲ್ಕನೇದು. ನಾಳೆ ಬೆಳಿಗ್ಗೆ ಇನ್ನೊಂದು, ಮುಗೀತು," ಎನ್ನುತ್ತಾ ನರ್ಸ್ ಹೊಕ್ಕುಳ ಪಕ್ಕದ ಚರ್ಮವನ್ನು ಚಿವುಟಿ ಹಿಡಿದು ಸೂಜಿ ಚುಚ್ಚಿದಳು. "ಸೊಂಟ ನೋವಿದೆಯಾ?"

"ಸೊಂಟ, ಬೆನ್ನು, ತೊಡೆ. ಎಲ್ಲಿ ಇಲ್ಲ ಅಂತ ಕೇಳಿ."

"ಒಳ್ಳೇದೇ. ಮೂಳೆಯೊಳಗೆ ಕೆಲಸ ಜೋರಾಗಿ ನಡೀತಿದೆ ಅಂತ ಅರ್ಥ. ತಮ್ಮನಿಗೋಸ್ಕರ ಎಷ್ಟು ಕಷ್ಟಪಡ್ತೀರಿ! ನಿಮ್ಮಂಥ ಅಕ್ಕ ಎಲ್ಲರಿಗೂ ಸಿಗಲ್ಲ."

"ಸಿಗಬಾರದು," ಎಂದಳು ಅಕ್ಕ. ನರ್ಸ್ ತಮಾಷೆಯೆಂದುಕೊಂಡು ನಕ್ಕಳು.

ತಮ್ಮನಿಗೆ ಲಿಂಫೋಮ ಎಂಬ ಕ್ಯಾನ್ಸರು. ಮೊದಲ ಸಲ ರಕ್ತ ಹುಟ್ಟಿಸುವ ಅವನದೇ ಕಾಂಡಕೋಶಗಳನ್ನು ತೆಗೆದಿಟ್ಟು, ಮದ್ದು ಕೊಟ್ಟು, ತಿರುಗಿ ಅವನಿಗೇ ಹಾಕಿದ್ದರು. ಒಂದು ವರ್ಷ ತೆಪ್ಪಗಿದ್ದ ರೋಗ ಮತ್ತೆ ಕುತ್ತಿಗೆಯಲ್ಲಿ ಗಡ್ಡೆಯಾಗಿ ಎದ್ದಿತು. ಈಗ ಬೇರೆಯವರ ಕೋಶಗಳೇ ಬೇಕು. ಹುಡುಕಿದರೆ ಹೊಂದಿದ್ದು ಯಾರದು? ಅವನು ಹಾಳುಮಾಡಿದ ಅಕ್ಕನದೇ. ಈ ಸೂಜಿ ಅವಳ ಮೂಳೆಯೊಳಗೆ ಆ ಕೋಶಗಳನ್ನು ಹೆಚ್ಚಿಸಲಿಕ್ಕೆ; ನಾಳೆ ತೋಳಿನಿಂದ ಅವನ್ನು ತೆಗೆಯುತ್ತಾರೆ.

ಹೋದ ವಾರ ಡಾಕ್ಟರು ಅವಳನ್ನು ಒಬ್ಬಳನ್ನೇ ಕೂರಿಸಿಕೊಂಡು ಬಿಡಿಸಿ ಹೇಳಿದ್ದರು. "ಈಗ ಬೇಡ ಅಂದರೂ ನಾವೇನೂ ಅನ್ನಲ್ಲ. ಸೋಮವಾರ ಅವರಿಗೆ ಮದ್ದು ಶುರುವಾಗುತ್ತೆ. ಅದು ಅವರ ಮೂಳೆಯ ಮಜ್ಜೆಯನ್ನೇ ಬರಿದು ಮಾಡುತ್ತೆ. ಆಮೇಲೆ ನೀವು ಹಿಂದೆ ಸರಿದರೆ ಅವರು ಉಳಿಯಲ್ಲ." ಅವಳು ತಲೆಯಾಡಿಸಿ ಸಹಿ ಹಾಕಿದ್ದಳು. ಸೋಮವಾರ ಯಾವಾಗ ಬರುತ್ತದೋ ಎಂದು ಅಷ್ಟು ಆಸೆಯಿಂದ ಅವಳು ಎಂದೂ ಕಾದಿರಲಿಲ್ಲ.

ಇಪ್ಪತ್ತಾರು ವರ್ಷದ ಹಿಂದಿನ ಮಾತು. ಅಪ್ಪನ ಹೊಲಿಗೆ ಅಂಗಡಿಗೆ ರಂಗಮಂದಿರದ ಪರದೆಯ ಕೆಲಸ ಬಂದಿತ್ತು, ಕಡುಗೆಂಪು ವೆಲ್ವೆಟ್. ವೆಲ್ವೆಟ್ಟಿಗೆ ದಿಕ್ಕಿರುತ್ತದೆ. ಕೆಳಮುಖವಾಗಿ ಸವರಿದರೆ ನುಣುಪು, ಮೇಲ್ಮುಖವಾದರೆ ಒರಟು. ಎಲ್ಲ ತುಂಡುಗಳೂ ಒಂದೇ ದಿಕ್ಕಿಗೆ ನಿಲ್ಲಬೇಕು. ಒಂದು ತಲೆಕೆಳಗಾದರೂ ದೀಪ ಬಿದ್ದಾಗ ಅದೊಂದೇ ಬೇರೆ ಬಣ್ಣವಾಗಿ ಕಾಣುತ್ತದೆ. ಅವಳು ಬಟ್ಟೆಯ ಹಿಂಬದಿಗೆ ಸೀಮೆಸುಣ್ಣದಲ್ಲಿ ಬಾಣದ ಗುರುತು ಹಾಕಿ ಊಟಕ್ಕೆ ಹೋಗಿದ್ದಳು. ಬಟ್ಟೆ ಉಳಿಸಿ ಜಾಣನಾಗಲು ಹೊರಟ ತಮ್ಮ ಗುರುತು ಒರೆಸಿ, ಎರಡು ತುಂಡನ್ನು ತಿರುವಿ ಹಾಕಿ ಕತ್ತರಿಸಿದ. ಪರದೆ ಮೇಲೇರಿದ ದಿನ ಊರಿನ ಎದುರು ಅಪ್ಪನ ಮಾನ ಹೋಯಿತು. "ಅಕ್ಕ ಕತ್ತರಿಸಿದ್ದು," ಎಂದ ತಮ್ಮ, ಕಣ್ಣು ಮಿಟುಕಿಸದೆ.

ಅವಳು ಗಂಟಲು ಹರಿಯುವಂತೆ ಕೂಗಿದಳು. ಅಪ್ಪ ನಂಬಲಿಲ್ಲ. "ಇನ್ನು ನೀನು ಕತ್ತರಿ ಮುಟ್ಟಬೇಡ" ಎಂದ. ಸಾಯುವಾಗ ತನ್ನ ದೊಡ್ಡ ಕತ್ತರಿಯನ್ನು ಮಗನ ಕೈಗಿಟ್ಟು ಹೋದ. ಮಗ ಅಂಗಡಿಯ ಯಜಮಾನನಾದ. ಅವಳು ಗಾರ್ಮೆಂಟ್ಸಿನಲ್ಲಿ ಅಂಗಿಗಳಿಗೆ ಗುಂಡಿ ಹಚ್ಚುತ್ತಾ ಕೂತಳು. ಅಲ್ಲಿ ಅವಳ ಹೆಸರೇ ಗುಂಡಿ ಅಕ್ಕ. ಹಟಕ್ಕೆ ಬಿದ್ದು ಆವತ್ತಿನಿಂದ ಅವಳು ಕತ್ತರಿ ಮುಟ್ಟಿಲ್ಲ. ದಾರವನ್ನು ಹಲ್ಲಿನಿಂದಲೇ ಕಡಿಯುತ್ತಾಳೆ.

ನಾಲ್ಕನೇ ಸೂಜಿಯಾದ ಮಧ್ಯಾಹ್ನ ಅವಳು ಅಮ್ಮನ ಕೈ ಹಿಡಿದು ತಮ್ಮನ ಕೋಣೆಯ ಗಾಜಿನ ಗೋಡೆಯ ಎದುರು ತಂದು ನಿಲ್ಲಿಸಿದಳು. ಒಳಗೆ ತಮ್ಮ ಮಲಗಿದ್ದ, ತಲೆ ಬೋಳು, ತುಟಿ ಊದಿಕೊಂಡು ಬಿರಿದಿತ್ತು. ಹೊರಗಿನ ಫೋನನ್ನು ಅವಳು ಎತ್ತಿಕೊಂಡಳು. ಒಳಗಿನದನ್ನು ಅವನು ಕಿವಿಗಿಟ್ಟುಕೊಂಡ.

"ಅಮ್ಮ ಇಲ್ಲೇ ಇದಾಳೆ. ವೆಲ್ವೆಟ್ ಕತ್ತರಿಸಿದ್ದು ಯಾರು ಅಂತ ಅವಳಿಗೆ ಹೇಳು. ಹೇಳಲಿಲ್ಲ ಅಂದ್ರೆ ನಾಳೆ ನಾನು ಕೈ ಚಾಚಲ್ಲ. ನಿನ್ನ ಮೂಳೆಯೊಳಗೆ ಈಗ ಏನೂ ಉಳಿದಿಲ್ಲ, ಗೊತ್ತಲ್ಲ?"

"ಏನೇ ಇದು? ಈಗ ಆಡೋ ಮಾತಾ ಇದು?" ಅಮ್ಮ ಅವಳ ತೋಳು ಜಗ್ಗಿದಳು. ಅವಳು ಫೋನನ್ನು ಅಮ್ಮನ ಕಿವಿಗೆ ಒತ್ತಿದಳು.

ತಮ್ಮ ಬಾಯಿ ತೆರೆದ. ನಾಲಗೆ, ಗಂಟಲು ಎಲ್ಲ ಹುಣ್ಣು. ಬರೀ ಗೊರಗೊರ ಸದ್ದು ಬಂತು. ಮತ್ತೆ ಪ್ರಯತ್ನಿಸಿದ. ಕೊನೆಗೆ ಫೋನು ಬಿಟ್ಟು, ಎರಡು ಬೆರಳನ್ನು ಕತ್ತರಿಯಂತೆ ಆಡಿಸುತ್ತಾ ಹೊದಿಕೆಯ ಮೇಲೆ ಉದ್ದಕ್ಕೆ ಎಳೆದ. ಅಂಗೈಯನ್ನು ಮಗುಚಿ ತೋರಿಸಿದ. ಆಮೇಲೆ ಅದೇ ಕೈಯನ್ನು ಎದೆಗೆ ಒತ್ತಿಕೊಂಡ. ಅವನ ಕಣ್ಣಿಂದ ನೀರು ಇಳಿಯುತ್ತಿತ್ತು.

ಹೊಲಿಗೆಯವನ ಜೊತೆ ಜೀವಮಾನ ಕಳೆದ ಅಮ್ಮನಿಗೆ ಅದು ತಿಳಿಯದೇ? ಅಕ್ಕ ಅವಳ ಮುಖ ನೋಡಿದಳು.

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನೋಡಿದೆಯಾ? ನೀನು ಹೆದರಿಸಿದೆ, ಮಾಡದ ತಪ್ಪನ್ನೂ ಮೈಮೇಲೆ ಹಾಕ್ಕೊಂಡ ನನ್ನ ಕಂದ. ಜೀವ ಯಾರಿಗೆ ಬೇಡ ಹೇಳು?"

ಅಕ್ಕ ಮೆಟ್ಟಿಲಿಳಿದು ಬೀದಿಗೆ ಬಂದಳು. ಸಾಯಲಿ ಅಂದುಕೊಂಡಳು. ಬಸ್ ನಿಲ್ದಾಣದವರೆಗೂ ಅದನ್ನೇ ಹೇಳಿಕೊಂಡು ನಡೆದಳು. ಬಸ್ಸು ಬಂತು, ಹೋಯಿತು. ಅವನು ಸತ್ತರೆ ಅಮ್ಮನ ಬಾಯಲ್ಲಿ ದೇವರಾಗುತ್ತಾನೆ. ತಾನು? ಪರದೆ ಕೆಡಿಸಿದವಳು, ಸಾಲದ್ದಕ್ಕೆ ತಮ್ಮನನ್ನೂ ಕೊಂದವಳು. ಸತ್ತವನು ಅವಳ ಹೆಸರನ್ನು ತೊಳೆಯಲು ಎದ್ದು ಬರುವುದಿಲ್ಲ. ಅವಳಿಗೆ ಮೈಯೆಲ್ಲ ಉರಿಯಿತು. ಬದುಕಬೇಕು ಅವನು. ನಾಲಗೆ ನೆಟ್ಟಗಾಗಿ, ಮೈ ತುಂಬಿಕೊಂಡು, ಯಾರ ಹೆದರಿಕೆಯೂ ಇಲ್ಲದೆ ಅಂಗಡಿಯ ಮೇಜಿನೆದುರು ನಿಂತುಕೊಂಡು ಹೇಳಬೇಕು. ಅಲ್ಲಿಯವರೆಗೆ ಅವನನ್ನು ಬಿಡುವ ಪ್ರಶ್ನೆಯೇ ಇಲ್ಲ.

ಮರುದಿನ ಬೆಳಿಗ್ಗೆ ಅವಳು ಎಲ್ಲರಿಗಿಂತ ಮೊದಲೇ ಬಂದು ಎರಡೂ ಕೈ ಚಾಚಿದಳು. ಒಂದು ತೋಳಿನಿಂದ ರಕ್ತ ಯಂತ್ರಕ್ಕೆ ಹೋಗುತ್ತಿತ್ತು, ಇನ್ನೊಂದರಿಂದ ತಿರುಗಿ ಬರುತ್ತಿತ್ತು. ಐದು ಗಂಟೆ ಅವಳು ಅಲುಗಾಡಲಿಲ್ಲ. ಸಂಜೆಯ ಹೊತ್ತಿಗೆ ಅಂಗೈಯಗಲದ ಕೆಂಪು ಚೀಲ ತಮ್ಮನ ಮಂಚದ ಪಕ್ಕ ತೂಗುತ್ತಿತ್ತು.

"ಬಾಯಿ ಹುಣ್ಣು ಯಾವಾಗ ವಾಸಿಯಾಗುತ್ತೆ?" ಎಂದು ಅಕ್ಕ ನರ್ಸನ್ನು ಕೇಳಿದಳು.

"ನಿಮ್ಮ ಕೋಶಗಳು ಅಲ್ಲಿ ಬೇರೂರಬೇಕು. ಎರಡು ವಾರ, ಮೂರು ವಾರ."

"ಆಗ ಮಾತಾಡ್ತಾನಾ?"

"ಚೆನ್ನಾಗಿ ಮಾತಾಡ್ತಾರೆ. ನೀವು ಮನೆಗೆ ಹೋಗಿ ಸುಧಾರಿಸಿಕೊಳ್ಳಿ."

ಅವಳು ಹೋಗಲಿಲ್ಲ. ಮನೆಗೆ ಹೋಗುವ ದಿನ ಹಾಕಿಕೊಳ್ಳಲೆಂದು ಅಮ್ಮ ತಮ್ಮನ ಅಂಗಿಯೊಂದನ್ನು ತಂದಿಟ್ಟಿದ್ದಳು. ಅದರ ಒಂದು ಗುಂಡಿ ಕಿತ್ತುಹೋಗಿತ್ತು. ಅಕ್ಕ ಕುರ್ಚಿಯನ್ನು ಗಾಜಿನ ಗೋಡೆಗೆ ಎಳೆದುಕೊಂಡು, ಅವನು ಕಣ್ಣು ಬಿಟ್ಟರೆ ತಾನೇ ಕಾಣುವಂತೆ ಕೂತು, ಸೂಜಿಗೆ ದಾರ ಪೋಣಿಸಿದಳು.

ತಮ್ಮ ಕಣ್ಣು ಬಿಟ್ಟ. ಮುಚ್ಚಿಕೊಂಡ. ಮತ್ತೆ ಬಿಟ್ಟ. ಅವಳು ಅವನನ್ನೇ ನೋಡುತ್ತಾ ಗುಂಡಿಯ ಕೊನೆಯ ಹೊಲಿಗೆ ಬಿಗಿದು, ತಲೆ ಬಗ್ಗಿಸಿ ದಾರವನ್ನು ಹಲ್ಲಿನಿಂದ ಕಡಿದಳು.